ಪ್ಯಾಕೇಜ್ ಆಸೆಗೆ ‘ಸ್ವಇಚ್ಛೆಯಿಂದ’ ಎಂದು ಬರೆದುಕೊಡುವ ಮುನ್ನ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಫೀಸುಗಳಲ್ಲಿ ಸ್ವಯಂ ನಿವೃತ್ತಿ ಸ್ಕೀಮಿನ (ವಿಆರ್‌ಎಸ್) ಮಾತು ಶುರುವಾಗುವುದು ಹೀಗೆ: “ಹೇಗೂ ಲೇಆಫ್ ಬರ್ತಿದೆ. ನೀವಾಗೇ ಹೆಸರು ಕೊಟ್ರೆ ಒಳ್ಳೇ ಪ್ಯಾಕೇಜ್ ಸಿಗುತ್ತೆ. ಮೊದ್ಲು ಪೋರ್ಟಲ್‌ನಲ್ಲಿ ರಿಸೈನ್ ಹಾಕಿ, ಲೆಟರ್ ಆಮೇಲೆ ಬರುತ್ತೆ.”

ಜನ ಕೈ ಸುಟ್ಟುಕೊಳ್ಳುವುದು ಆ ಕೊನೆಯ ಮಾತನ್ನು ನಂಬಿ. ಪೋರ್ಟಲ್‌ನಲ್ಲಿ ಕಾರಣ ಆರಿಸುವ ಪಟ್ಟಿ ತೆರೆದರೆ ‘ವೈಯಕ್ತಿಕ ಕಾರಣ’, ‘ಉತ್ತಮ ಅವಕಾಶ’, ‘ಉನ್ನತ ವ್ಯಾಸಂಗ’ ಇರುತ್ತವೆ. ಸ್ಕೀಮಿನ ಹೆಸರು ಇರುವುದಿಲ್ಲ. ಯಾವುದೋ ಒಂದನ್ನು ಒತ್ತಿದಿರೋ, ದಾಖಲೆಯಲ್ಲಿ ನೀವು ಮಾಮೂಲಿ ರಾಜೀನಾಮೆ ಕೊಟ್ಟವರು. ಹದಿನೈದು ದಿನ ಬಿಟ್ಟು “ಬಜೆಟ್ ಅಪ್ರೂವ್ ಆಗ್ಲಿಲ್ಲ” ಎಂದರೆ ತೋರಿಸಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಕಂಪನಿ ತಾನಾಗಿ ತೆಗೆದುಹಾಕುವುದಕ್ಕೂ ನೀವಾಗಿ ಹೋಗುವುದಕ್ಕೂ ಕಾನೂನಿನಲ್ಲಿ ಅಜಗಜಾಂತರ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಸ್ವಯಂ ನಿವೃತ್ತಿಯನ್ನು ‘ರಿಟ್ರೆಂಚ್‌ಮೆಂಟ್’ (ಕಂಪನಿಯೇ ಕೆಲಸದಿಂದ ತೆಗೆಯುವುದು) ಲೆಕ್ಕಕ್ಕೆ ಸೇರಿಸಿಲ್ಲ. ಹಾಗಾಗಿ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಸರಾಸರಿ ವೇತನ, ಅದೇ ಕಡೆ ಮತ್ತೆ ನೇಮಕವಾದರೆ ಆದ್ಯತೆ, ಹೊಸ ಸಂಹಿತೆಯ ಮರುಕೌಶಲ ನಿಧಿಯಿಂದ ಬರುವ 15 ದಿನದ ವೇತನ, ಇಷ್ಟನ್ನೂ ನೀವೇ ಬಿಟ್ಟುಕೊಟ್ಟಂತೆ. “ನಾನು ಮ್ಯಾನೇಜರ್, ಇವೆಲ್ಲ ನನಗೆ ಹೇಗೂ ಇಲ್ಲ” ಎಂದುಕೊಳ್ಳಬೇಡಿ. ವಿಸಿಟಿಂಗ್ ಕಾರ್ಡಿನಲ್ಲಿರುವ ಹುದ್ದೆಗಿಂತ ದಿನವೂ ಮಾಡುವ ಕೆಲಸ ಯಾವ ಬಗೆಯದು ಎಂಬುದನ್ನೇ ಕೋರ್ಟು ನೋಡುವುದು.

ಇನ್ನು ಮೊತ್ತ. ಒಂದು ಮಾದರಿ ಲೆಕ್ಕ ಹಿಡಿಯೋಣ: ವಯಸ್ಸು 38, ಸೇವೆ 9 ವರ್ಷ 10 ತಿಂಗಳು, ತಿಂಗಳ ಸಂಬಳ 1,20,000, ಅದರಲ್ಲಿ ಬೇಸಿಕ್ 60,000. ಕಂಪನಿ “14 ಲಕ್ಷ, ಎಲ್ಲ ಸೇರಿ” ಎನ್ನುತ್ತದೆ. ಈ ‘ಎಲ್ಲ ಸೇರಿ’ಯನ್ನು ಬಿಡಿಸಿ ನೋಡಿ. ಗ್ರಾಚ್ಯುಟಿ, ಅಂದರೆ ಸೇವಾವಧಿಯ ಲೆಕ್ಕದಲ್ಲಿ ಬರುವ ಹಣ: ಬೇಸಿಕ್ 60,000ವನ್ನು 26ರಿಂದ ಭಾಗಿಸಿ, 15ರಿಂದಲೂ 10ರಿಂದಲೂ ಗುಣಿಸಿದರೆ 3,46,154 (ಆರು ತಿಂಗಳು ದಾಟಿದ್ದರಿಂದ ಹತ್ತು ವರ್ಷ ಎಂದೇ ಲೆಕ್ಕ). ಬಾಕಿ ಉಳಿದ 30 ದಿನದ ರಜೆಗೆ 60,000. ಎರಡು ತಿಂಗಳ ನೋಟಿಸ್ ಸಂಬಳ 2,40,000. ಒಟ್ಟು 6,46,154 ರೂಪಾಯಿ, ಸ್ಕೀಮ್ ಇಲ್ಲದೆ ಕಂಪನಿಯೇ ತೆಗೆದಿದ್ದರೂ ನಿಮ್ಮದೇ. ನಿಜವಾಗಿ ಹೆಚ್ಚುವರಿ ಸಿಕ್ಕಿದ್ದು 7,53,846. ಆರು ತಿಂಗಳ ಸಂಬಳಕ್ಕಿಂತ ಚೂರು ಜಾಸ್ತಿ, ಅದೂ ತೆರಿಗೆಗೆ ಮುಂಚೆ.

ಸ್ವಯಂ ನಿವೃತ್ತಿ ಹಣಕ್ಕೆ 5 ಲಕ್ಷದವರೆಗೆ ತೆರಿಗೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಇದು 1961ರ ಆದಾಯ ತೆರಿಗೆ ಕಾಯ್ದೆಯ 10(10ಸಿ) ಕಲಂ ಎಂದು ಹೆಸರಾದ ವಿನಾಯಿತಿ, ಜೀವಮಾನದಲ್ಲಿ ಒಂದೇ ಸಲ. ಅದರ ಬೆನ್ನಿಗಿದ್ದ 2ಬಿಎ ನಿಯಮದ ಷರತ್ತು ಓದಿದವರು ಕಡಿಮೆ: 10 ವರ್ಷ ಸೇವೆ ಮುಗಿದಿರಬೇಕು, ಇಲ್ಲವೇ 40 ವರ್ಷ ತುಂಬಿರಬೇಕು. ಗ್ರಾಚ್ಯುಟಿಗೆ ಹತ್ತಾದ ವರ್ಷ ಇಲ್ಲಿ ಒಂಬತ್ತೇ! ನಮ್ಮ ಮಾದರಿಯ ನೌಕರ ಎರಡು ತಿಂಗಳಿಗಾಗಿ ವಿನಾಯಿತಿ ಕಳೆದುಕೊಳ್ಳುತ್ತಾನೆ. 30% ಹಂತದಲ್ಲಿದ್ದರೆ ಸೆಸ್ ಸೇರಿ 1,56,000 ನಷ್ಟ. ಕೊನೆಯ ಕೆಲಸದ ದಿನವನ್ನು ಎರಡು ತಿಂಗಳು ಮುಂದೆ ಹಾಕಿಸಿಕೊಂಡಿದ್ದರೆ ಅದು ಉಳಿಯುತ್ತಿತ್ತು. ವಯಸ್ಸು, ಸೇವೆ ಸರಿಯಿದ್ದರೂ ಸ್ಕೀಮ್ ಒಂದೇ ಟೀಮಿಗೆ ಸೀಮಿತವಾಗಿದ್ದರೆ, ಅಥವಾ ಖಾಲಿಯಾದ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರೆ ವಿನಾಯಿತಿ ನಿಲ್ಲುವುದಿಲ್ಲ. ‘ಈ ಸ್ಕೀಮ್ ತೆರಿಗೆ ವಿನಾಯಿತಿಯ ಷರತ್ತುಗಳಿಗೆ ಒಳಪಟ್ಟಿದೆ’ ಎಂದು ಎಚ್‌ಆರ್ ಕೈಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಹೌದೆಂದು, ಬರೆದುಕೊಡಿ ಎಂದಾಗ ತಡವರಿಸಿದರೆ ಉತ್ತರ ಸಿಕ್ಕಿತೆಂದೇ ತಿಳಿಯಿರಿ.

ಗೃಹಸಾಲದ ಜೊತೆ ಮಾಡಿಸಿದ ‘ಕೆಲಸ ಹೋದರೆ ಇಎಂಐ ಕಟ್ಟುವ’ ವಿಮೆಯನ್ನು ನೆಚ್ಚಬೇಡಿ. ತಾನಾಗಿ ಬಿಟ್ಟವರಿಗೆ ಅದು ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅಪ್ಪ ಅಮ್ಮ ಕಂಪನಿಯ ಆರೋಗ್ಯ ವಿಮೆಯಲ್ಲಿದ್ದರೆ, ಕೊನೆಯ ದಿನಕ್ಕೆ ಸಾಕಷ್ಟು ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಲು ಅರ್ಜಿ ಹಾಕಿ. ಹೊಸದಾಗಿ ಮಾಡಿಸಿದರೆ ಶುಗರ್, ಬಿಪಿಗೆ ಕಾಯುವ ಅವಧಿ ಮೊದಲಿಂದ ಶುರುವಾಗಬಹುದು.

ಇಷ್ಟಾಗಿಯೂ ಹೋಗುವುದೇ ಸರಿ ಎನಿಸಿದರೆ, ಪೋರ್ಟಲ್ ಮುಟ್ಟುವ ಮೊದಲು ಇಮೇಲ್‌ನಲ್ಲಿ ಹೀಗೆ ಬರೆಯಿರಿ: “ಕಂಪನಿಯು ಇಂಥ ದಿನಾಂಕದಂದು ಪ್ರಕಟಿಸಿದ ಸ್ಕೀಮಿನ ಅಡಿಯಲ್ಲಿ, ಗ್ರಾಚ್ಯುಟಿ, ರಜೆ ಹಣ, ನೋಟಿಸ್ ಸಂಬಳ ಬಿಟ್ಟು ಇಷ್ಟು ರೂಪಾಯಿ ಇಂಥ ದಿನಾಂಕದೊಳಗೆ ಪಾವತಿಸುವ ಷರತ್ತಿನ ಮೇಲೆ ಮಾತ್ರ ಈ ಅರ್ಜಿ.” ಅದಕ್ಕೆ ಸಹಿಯಿರುವ ಉತ್ತರ ಬರಲಿ, ಆಮೇಲೆ ಪೋರ್ಟಲ್. ಜಾಯ್ನಿಂಗ್ ಬೋನಸ್ ವಾಪಸ್ ಕೇಳುವುದಿಲ್ಲ ಎಂಬ ಒಂದು ಸಾಲನ್ನೂ ಸೇರಿಸಿ.

ಮನಸ್ಸು ಬದಲಾದರೆ ಒಪ್ಪಿಗೆ ಪತ್ರ ಬರುವ ಮೊದಲೇ ಲಿಖಿತವಾಗಿ ಹಿಂದೆಗೆದುಕೊಳ್ಳಿ. ಬ್ಯಾಂಕ್ ನೌಕರರ ವಿಆರ್‌ಎಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದ್ದು ಇದನ್ನೇ: ಅರ್ಜಿ ಎಂದರೆ ಬರೀ ಪ್ರಸ್ತಾಪ, ಒಪ್ಪುವ ತನಕ ವಾಪಸ್ ಪಡೆಯಬಹುದು. ಹಣ ಕೈಸೇರಿದ ಮೇಲೆ ಆ ದಾರಿ ಮುಚ್ಚಿತು. ವಿಆರ್‌ಎಸ್ ಹಣ ಪಡೆದವರು ಹಳೆಯ ವೇತನ ಪರಿಷ್ಕರಣೆಯ ಬಾಕಿ ಕೇಳುವಂತಿಲ್ಲ ಎಂದು 2003ರಲ್ಲಿ ಅದೇ ಕೋರ್ಟು ಹೇಳಿದೆ.

ಗ್ರಾಚ್ಯುಟಿ 30 ದಿನದೊಳಗೆ ಬರಬೇಕು, ತಡವಾದರೆ ಬಡ್ಡಿ ಕೇಳಿ. ಪಿಎಫ್ ಖಾತೆಯಲ್ಲಿ ಕಂಪನಿ ನಿರ್ಗಮನ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಜಮೆಯಾಗಿ ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಿಕೊಳ್ಳಬಹುದು.