ರೇಸಿಂಗ್ ತಂಡಕ್ಕೆ ಸ್ಪಾನ್ಸರ್: ಊರಿನ ಉದ್ಯಮಿಯೋ, ಬೆಂಗಳೂರಿನ ಕಂಪನಿಯೋ?

ಮಂಗಳೂರು–ಉಡುಪಿ ಕಡೆಯ ಆಭರಣ ಮಳಿಗೆ, ಗೇರುಬೀಜ ಕಾರ್ಖಾನೆ, ಹೋಟೆಲ್ ಮಾಲಕರು ಒಂದೇ ಭೇಟಿಯಲ್ಲಿ ಹೂಂ ಅನ್ನಬಹುದು. ತೀರ್ಮಾನ ಅವರ ಕೈಯಲ್ಲೇ ಇದೆ. ಮೊತ್ತ ಚಿಕ್ಕದು. ನವೆಂಬರ್‌ನಿಂದ ಕಂಬಳ, ಯಕ್ಷಗಾನದವರೂ ಅದೇ ಬಾಗಿಲು ತಟ್ಟುತ್ತಾರೆ, ಮಳೆಗಾಲದಲ್ಲೇ ಹೋಗಿ. ರೇಸ್ ನಡೆಯುವುದು ಕೊಯಮತ್ತೂರು, ಚೆನ್ನೈಯಲ್ಲಿ. ಹಾಗಾಗಿ ಸ್ಟಿಕ್ಕರ್ ತೋರಿಸಿದರೆ ಸಾಲದು, ಕಾರನ್ನೇ ಅವರ ಮಳಿಗೆ ಮುಂದೆ ಎರಡು ದಿನ ನಿಲ್ಲಿಸುವ ಮಾತು ಕೊಡಿ.

ದೊಡ್ಡ ಕಂಪನಿಯಲ್ಲಿ ಹಣ ಹೆಚ್ಚು, ತಿಂಗಳುಗಟ್ಟಲೆ ಓಡಾಟವೂ ಹೆಚ್ಚು. ಏಪ್ರಿಲ್ 1ರ ಬಜೆಟ್‌ಗೆ ಡಿಸೆಂಬರ್‌ನಲ್ಲೇ ಪ್ರಸ್ತಾವ ತಲುಪಬೇಕು. ಸಿಎಸ್‌ಆರ್ (ಕಂಪನಿಗಳು ಸಮಾಜಸೇವೆಗೆ ಮೀಸಲಿಡುವ) ಹಣ ಕೇಳಬೇಡಿ: ಪ್ರಚಾರದ ಲಾಭಕ್ಕಾಗಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಮಾರ್ಕೆಟಿಂಗ್ ವಿಭಾಗವನ್ನೇ ಹಿಡಿಯಿರಿ.

ಎಡವುವುದು ಹೆಚ್ಚಾಗಿ ತೆರಿಗೆಯಲ್ಲಿ. ನಿಮ್ಮ ತಂಡ ಜಿಎಸ್‌ಟಿ ನೋಂದಣಿ ಇರುವ ಕಂಪನಿಯಾಗಿದ್ದರೆ 2025ರ ಜನವರಿ 16ರಿಂದ 18% ಜಿಎಸ್‌ಟಿ ನೀವೇ ಬಿಲ್‌ನಲ್ಲಿ ಹಾಕಿ ಕಟ್ಟಬೇಕು. ತಂಡ ವ್ಯಕ್ತಿಯ ಹೆಸರಲ್ಲಿದ್ದು ಸ್ಪಾನ್ಸರ್ ಕಂಪನಿಯಾಗಿದ್ದರೆ, ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ಸ್ಪಾನ್ಸರ್ ಅವರೇ ಕಟ್ಟುತ್ತಾರೆ. ‘5 ಲಕ್ಷ’ ಎಂದಷ್ಟೇ ಬರೆದುಕೊಂಡರೆ ಅದರ ಮೇಲಿನ ಜಿಎಸ್‌ಟಿ 90,000 ಯಾರದೆಂದು ಆಮೇಲೆ ಜಗಳ. ‘ಜಿಎಸ್‌ಟಿ ಪ್ರತ್ಯೇಕ’ ಎಂದು ಒಪ್ಪಂದದಲ್ಲಿ ಬರೆಸಿ.

ಟಯರ್, ಆಯಿಲ್ ಬ್ರಾಂಡ್‌ಗಳ ಬಳಿ ಹೋಗುವ ಮುನ್ನ ನೀವು ಓಡುವ ರೇಸ್ ಸರಣಿಯ ನಿಯಮಾವಳಿ ಓದಿ. ಸರಣಿಗೇ ಟಯರ್ ಪ್ರಾಯೋಜಕರಿದ್ದರೆ ಪ್ರತಿಸ್ಪರ್ಧಿಯ ಹೆಸರಿಗೆ ಜಾಗ ಸಿಗದು. ಕಾರಿನ ಕೆಲವು ಜಾಗ ಆಯೋಜಕರಿಗೇ ಮೀಸಲು. ಅದನ್ನು ಕಳೆದು ಉಳಿದದ್ದನ್ನಷ್ಟೇ ಮಾರಿ.

ಮೊದಲ ವರ್ಷವಾದರೆ ನಮ್ಮ ಮತ ಊರಿನವರಿಗೆ. ಆದರೆ ಅರ್ಧ ಹಣ ಸ್ಟಿಕ್ಕರ್ ಅಂಟಿಸುವ ಮೊದಲೇ ಕೈಗೆ ಬರಲಿ.