ಸೋತಾಗ ಕಾರಣ ಹೇಳುವ ಆಟಗಳು, ಬಾಯಿ ಬಿಡದ ಆಟಗಳು

ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ ಎಂದು ಹೇಳುವ ವಿಮರ್ಶೆಗಳಿಗೆ ಬರವಿಲ್ಲ. ಇಲ್ಲಿ ಒಂದಷ್ಟು ವಿಡಿಯೊ ಗೇಮ್‌ಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ: ಸೋತಾಗ ಯಾಕೆ ಸೋತೆವು ಅಂತ ಆಟದೊಳಗೇ ಗೊತ್ತಾಗುತ್ತದೆಯೇ, ಇಲ್ಲ ಯೂಟ್ಯೂಬ್ ಹುಡುಕಬೇಕೇ?

ಈ ಲೆಕ್ಕದಲ್ಲಿ ಫ್ಯಾಕ್ಟೋರಿಯೋ ಹತ್ತಿರಕ್ಕೆ ಯಾವುದೂ ಬರುವುದಿಲ್ಲ. ಪ್ರಾಗ್‌ನ ವೂಬ್ ಸಾಫ್ಟ್‌ವೇರ್ ತಂಡದ್ದು, 1.0 ಆವೃತ್ತಿ ಬಂದದ್ದು 2020ರಲ್ಲಿ. ಅನ್ಯಗ್ರಹದಲ್ಲಿ ಅದಿರು ಅಗೆದು, ಕಾರ್ಖಾನೆ ಕಟ್ಟಿ, ಕೊನೆಗೆ ರಾಕೆಟ್ ಹಾರಿಸಬೇಕು. ಸಾಯುವುದು ಇಲ್ಲಿ ದೊಡ್ಡ ಸೋಲಲ್ಲ, ಸರಕು ಸಾಗಿಸುವ ಬೆಲ್ಟ್ ಖಾಲಿ ಹೊಡೆಯುವುದೇ ಸೋಲು. ಬೆಲ್ಟ್ ಹಿಡಿದು ಹಿಂದಕ್ಕೆ ನಡೆದುಕೊಂಡು ಹೋದರೆ ಕಾರಣ ಕಣ್ಣೆದುರೇ ಇರುತ್ತದೆ. ಹಳದಿ ಬೆಲ್ಟ್ ಸೆಕೆಂಡಿಗೆ 15 ವಸ್ತು ಸಾಗಿಸುತ್ತದೆ. ಕಲ್ಲಿನ ಫರ್ನೇಸ್ (ಕುಲುಮೆ) ಒಂದು ಲೋಹದ ಪ್ಲೇಟ್ ಮಾಡಲು 3.2 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಂದರೆ ಬೆಲ್ಟ್ ತುಂಬಿ ಹರಿಯಲು 48 ಫರ್ನೇಸ್, ಎರಡೂ ಬದಿಗೆ 24ರಂತೆ. ಸಂಶೋಧನೆಗೆ ಬೇಕಾದ ಕೆಂಪು ಸೈನ್ಸ್ ಪ್ಯಾಕ್‌ಗೆ 5 ಸೆಕೆಂಡ್, ಹಸಿರಿಗೆ 6, ಹಾಗಾಗಿ ಯಂತ್ರಗಳೂ 5ಕ್ಕೆ 6. ಹೊಸಬರು ಹೆಚ್ಚಾಗಿ ಎಡವುವುದು ಹಸಿರು ಸರ್ಕ್ಯೂಟ್‌ನಲ್ಲಿ. ಒಂದು ಸರ್ಕ್ಯೂಟ್ ಯಂತ್ರಕ್ಕೆ ಒಂದು ತಾಮ್ರದ ತಂತಿ ಯಂತ್ರ ಸಾಕು ಅಂದುಕೊಳ್ಳುತ್ತಾರೆ. ಸರ್ಕ್ಯೂಟ್ ಒಂದು ಸಲಕ್ಕೆ 3 ತಂತಿ ನುಂಗುತ್ತದೆ, ತಂತಿ ಯಂತ್ರ ಅಷ್ಟೇ ಹೊತ್ತಿನಲ್ಲಿ ಕೊಡುವುದು 2. ಆದ್ದರಿಂದ 2 ಸರ್ಕ್ಯೂಟ್ ಯಂತ್ರಕ್ಕೆ 3 ತಂತಿ ಯಂತ್ರ ಬೇಕು.

ನಿಜವಾದ ಪಾಠ ಕರೆಂಟಿನದ್ದು. ಬಾಯ್ಲರ್‌ಗೆ ಕಲ್ಲಿದ್ದಲು ಹಾಕಲು ವಿದ್ಯುತ್ ಇನ್ಸರ್ಟರ್ (ಸರಕು ಎತ್ತಿಡುವ ಯಂತ್ರದ ತೋಳು) ಇಟ್ಟಿರುತ್ತೀರಿ. ಲೋಡ್ ಹೆಚ್ಚಿದಾಗ ಇನ್ಸರ್ಟರ್ ನಿಧಾನವಾಗುತ್ತದೆ, ಕಲ್ಲಿದ್ದಲು ತೋಡುವ ಡ್ರಿಲ್ ಕೂಡ. ಬಾಯ್ಲರ್‌ಗೆ ಇದ್ದಲು ಕಡಿಮೆ, ಕರೆಂಟ್ ಇನ್ನೂ ಕಡಿಮೆ, ಐದು ನಿಮಿಷದಲ್ಲಿ ಇಡೀ ಕಾರ್ಖಾನೆ ಕತ್ತಲು. ಲೋಡ್ ಶೆಡ್ಡಿಂಗ್ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರಿಹಾರ ಅಗ್ಗದ್ದು: ಬಾಯ್ಲರ್ ಮುಂದೆ ಬರ್ನರ್ ಇನ್ಸರ್ಟರ್ ಇಡಿ. ತಾನು ಎತ್ತುವ ಕಲ್ಲಿದ್ದಲಿನಲ್ಲೇ ಅದು ಓಡುತ್ತದೆ, ಕರೆಂಟ್ ಬೇಡ. ಒಂದು ಬಾಯ್ಲರ್‌ಗೆ ಎರಡು ಸ್ಟೀಮ್ ಎಂಜಿನ್ ಎಂಬ ಲೆಕ್ಕ ಈಗಲೂ ಸರಿ. ಆದರೆ ಒಂದು ಪಂಪ್‌ಗೆ 20 ಬಾಯ್ಲರ್ ಎನ್ನುವ ಹಳೇ ಗೈಡ್‌ಗಳನ್ನು ನಂಬಬೇಡಿ. 2.0 ಆವೃತ್ತಿಯ ನಂತರ ಒಂದೇ ಪಂಪ್ 200 ಬಾಯ್ಲರ್‌ಗೆ ನೀರು ಕೊಡುತ್ತದೆ.

ಡಿಸ್ಕೌಂಟಿಗೆ ಕಾಯುವುದೂ ಬೇಡ. ಈ ಆಟವನ್ನು ರಿಯಾಯಿತಿಯಲ್ಲಿ ಮಾರುವುದಿಲ್ಲ ಎಂಬುದು ತಂಡದ ನೀತಿ. 2024ರ ಅಕ್ಟೋಬರ್‌ನಲ್ಲಿ ಬಂದ ಸ್ಪೇಸ್ ಏಜ್ ವಿಸ್ತರಣೆಯನ್ನು ಮೂಲ ಆಟದಲ್ಲಿ ಒಮ್ಮೆ ರಾಕೆಟ್ ಹಾರಿಸಿದ ಮೇಲೆ ಕೊಂಡರೆ ಸಾಕು. ಅದರ ಗ್ಲೀಬಾ ಗ್ರಹದಲ್ಲಿ ವಸ್ತುಗಳು ಕೊಳೆಯುತ್ತವೆ. ಅಲ್ಲಿಯವರೆಗೆ ಒಳ್ಳೆಯದಾಗಿದ್ದ ತುಂಬಿ ನಿಂತ ಬೆಲ್ಟ್ ಇಲ್ಲಿ ಕೊಳೆತ ಸರಕಿನ ಚರಂಡಿಯಾಗುತ್ತದೆ. ಬೆಲ್ಟ್ ಸದಾ ಹರಿಯುತ್ತಿರಬೇಕು, ತುದಿಯಲ್ಲಿ ಉಳಿದದ್ದನ್ನು ಹೀಟಿಂಗ್ ಟವರ್‌ಗೆ ಹಾಕಿ ಸುಡಬೇಕು. ಕಲಿತದ್ದನ್ನೇ ತಲೆಕೆಳಗು ಮಾಡುವ ಇಂಥ ಧೈರ್ಯ ಕಡಿಮೆ ಆಟಗಳಿಗಿದೆ.

ಸ್ಟಾರ್‌ಡ್ಯೂ ವ್ಯಾಲಿಯನ್ನು (2016, ಎರಿಕ್ ಬರೋನ್ ಒಬ್ಬರೇ ಮಾಡಿದ್ದು) ಎಲ್ಲರೂ ಆರಾಮದ ಬೇಸಾಯದ ಆಟ ಅನ್ನುತ್ತಾರೆ. ಒಳಗಿರುವುದು ಪಕ್ಕಾ ಪಂಚಾಂಗದ ಲೆಕ್ಕ. ಋತುವಿಗೆ 28 ದಿನ, ಋತು ಬದಲಾದ ಬೆಳಿಗ್ಗೆ ಹಳೇ ಋತುವಿನ ಬೆಳೆ ಹೊಲದಲ್ಲೇ ಒಣಗಿ ನಿಂತಿರುತ್ತದೆ. ಬೇಸಾಯ ಬಲ್ಲವರು ನಗಬಹುದು, ಆದರೆ ಬಿತ್ತನೆ ದಿನದ ಮೇಲೇ ಎಲ್ಲ ನಿಂತಿದೆ. ವಸಂತದ 13ರಂದು ಎಗ್ ಫೆಸ್ಟಿವಲ್‌ನಲ್ಲಿ ಸಿಗುವ ಸ್ಟ್ರಾಬೆರಿ ಬೀಜಕ್ಕೆ 100 ಚಿನ್ನ. ಮೊದಲ ಫಲಕ್ಕೆ 8 ದಿನ, ಆಮೇಲೆ 4 ದಿನಕ್ಕೊಮ್ಮೆ. ಅವತ್ತೇ ನೆಟ್ಟರೆ 21 ಮತ್ತು 25ರಂದು, ಎರಡೇ ಕೊಯ್ಲು. ಹಬ್ಬಕ್ಕೆ ಹೋಗುವ ಮೊದಲೇ ನೆಲ ಉತ್ತು ನೀರು ಹಾಕಿಟ್ಟುಕೊಳ್ಳಿ, ಯಾಕೆಂದರೆ ಹಬ್ಬ ಮುಗಿಸಿ ಮನೆಗೆ ಬರುವಾಗ ರಾತ್ರಿಯಾಗಿರುತ್ತದೆ. ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ಮರುವರ್ಷದ ಮೊದಲ ದಿನ ನೆಟ್ಟರೆ ಐದು ಕೊಯ್ಲು.

ಇಲ್ಲಿ ನನ್ನ ತಕರಾರು ನೀರು ಹಾಕುವುದರ ಬಗ್ಗೆ. ಆರಂಭದ ಶಕ್ತಿ 270, ದಿನಾ ಕ್ಯಾನ್ ಹಿಡಿದು ಸುತ್ತಿದರೆ ಅರ್ಧ ಅದಕ್ಕೇ ಹೋಗುತ್ತದೆ. ಕೃಷಿ ಮಟ್ಟ 6ಕ್ಕೆ ಕ್ವಾಲಿಟಿ ಸ್ಪ್ರಿಂಕ್ಲರ್ ಸಿಗುತ್ತದೆ: ಒಂದು ಕಬ್ಬಿಣದ ಗಟ್ಟಿ, ಒಂದು ಚಿನ್ನದ ಗಟ್ಟಿ, ಒಂದು ರಿಫೈನ್ಡ್ ಕ್ವಾರ್ಟ್ಜ್. ಸುತ್ತಲಿನ 8 ಚೌಕಕ್ಕೆ ತಾನೇ ನೀರು ಹಾಕುತ್ತದೆ. ಅಲ್ಲಿಯವರೆಗೆ ಅತಿಯಾಸೆಯಿಂದ ಹೊಲ ಹಿಗ್ಗಿಸುವುದೇ ಹೊಸಬರ ದೊಡ್ಡ ತಪ್ಪು. ಇನ್ನೊಂದು: ಪಿಸಿ, ಕನ್ಸೋಲ್‌ಗಳಲ್ಲಿ ಸೇವ್ ಆಗುವುದು ದಿನ ಮುಗಿದು ಮಲಗಿದಾಗ ಮಾತ್ರ. ನಡುವೆ ಆಟ ಮುಚ್ಚಿದರೆ ಆ ದಿನ ನೀರಲ್ಲಿ ಹೋಮ.

ಹಾಲೋ ನೈಟ್ (2017, ಆಸ್ಟ್ರೇಲಿಯಾದ ಟೀಮ್ ಚೆರ್ರಿ) ಕಾರಣ ಹೇಳುತ್ತದೆ, ಆದರೆ ಗೊಣಗಿಕೊಂಡು. ಯುದ್ಧ ನ್ಯಾಯವಾಗಿದೆ: ಮೂರು ಏಟು ಹೊಡೆದರೆ 33 ಸೋಲ್ (ಆತ್ಮಶಕ್ತಿ), ಅದರಿಂದ ಒಂದು ಮಾಸ್ಕ್ ಜೀವ ವಾಪಸ್. ಹೊಡೆಯದೆ ಓಡಾಡಿದರೆ ಗುಣವಾಗುವುದಿಲ್ಲ ಎಂಬುದು ಬೇಗ ತಿಳಿಯುತ್ತದೆ. ನಕ್ಷೆ ಮಾತ್ರ ಸತಾಯಿಸುತ್ತದೆ. ಪ್ರತಿ ಪ್ರದೇಶದ ನಕ್ಷೆ ಬೇರೆ ಕೊಳ್ಳಬೇಕು, ಕ್ವಿಲ್ (ಬರೆಯುವ ಗರಿ) ಇದ್ದರೂ ಹೊಸ ಜಾಗ ಅದರಲ್ಲಿ ಮೂಡುವುದು ಬೆಂಚ್ ಮೇಲೆ ಕೂತಾಗಲೇ, ನೀವು ಎಲ್ಲಿದ್ದೀರಿ ಎಂದು ತೋರಿಸಲು ಕಂಪಾಸ್ ಬೇಕು, ಅದಕ್ಕೊಂದು ಚಾರ್ಮ್ (ತಾಯಿತ) ಜಾಗ ಖರ್ಚು. ಸತ್ತರೆ ಹಣವೆಲ್ಲ ಸತ್ತ ಜಾಗದಲ್ಲಿ ನೆರಳಿನ ಬಳಿ ಉಳಿಯುತ್ತದೆ. ಅದನ್ನು ಪಡೆಯುವ ಮೊದಲೇ ಮತ್ತೆ ಸತ್ತರೆ ಹೋಯಿತು. ಕೈಯಲ್ಲಿ ಹಣ ಹೆಚ್ಚಿದ್ದಾಗ ಹೊಸ ಬಾಸ್ (ದೊಡ್ಡ ಶತ್ರು) ಕಡೆಗೆ ಹೋಗಬೇಡಿ, ಮೊದಲು ಅಂಗಡಿಗೆ ಹೋಗಿ. ಇದರ ಮುಂದಿನ ಆಟ, 2025ರ ಸಿಲ್ಕ್‌ಸಾಂಗ್‌ನಲ್ಲಿ ಅಲ್ಲಿನ ಹಣವಾದ ರೋಸರಿಗಳನ್ನು ಪೋಣಿಸಿ ದಾರವಾಗಿಸಿಟ್ಟರೆ ಸತ್ತರೂ ಉಳಿಯುತ್ತವೆ, ಈ ಒಂದು ತಿದ್ದುಪಡಿಗೇ ಕೈ ಮುಗಿಯಬೇಕು.

ಸೆಲೆಸ್ಟ್ (2018) ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಯಕಿಯ ಕೂದಲು ಕೆಂಪಿದ್ದರೆ ಡ್ಯಾಶ್ (ರಭಸದ ನುಗ್ಗು) ಇದೆ, ನೀಲಿಯಾದರೆ ಇಲ್ಲ. ಇಷ್ಟು ಸ್ಪಷ್ಟ ಸೂಚನೆ ಬೇರೆಲ್ಲೂ ಕಂಡಿಲ್ಲ. ಸತ್ತ ಮರುಕ್ಷಣ ಅದೇ ಕೋಣೆಯಲ್ಲಿ ಎದ್ದಿರುತ್ತೀರಿ. ತೀರಾ ಆಗದಿದ್ದರೆ ಅಸಿಸ್ಟ್ ಮೋಡ್‌ನಲ್ಲಿ ವೇಗ 50 ಶೇಕಡಾವರೆಗೆ ಇಳಿಸಬಹುದು, 70–80ರಿಂದ ಶುರು ಮಾಡಿದರೆ ಆಟದ ಲಯ ಕೆಡುವುದಿಲ್ಲ.

ಎಲ್ಡೆನ್ ರಿಂಗ್ (2022) ಭವ್ಯ, ಆದರೆ ಈ ಅಳತೆಗೋಲಿನಲ್ಲಿ ಹಿಂದುಳಿಯುತ್ತದೆ. ಎರಡೇ ಏಟಿಗೆ ಸಾಯುವವನಿಗೆ ವಿಗರ್ (ಜೀವಬಲ) ಕಡಿಮೆ ಎಂದು ಆಟ ಹೇಳುವುದೇ ಇಲ್ಲ. ಎಲ್ಲ ಪಾಯಿಂಟನ್ನೂ ಶಕ್ತಿಗೆ ಸುರಿಯಬೇಡಿ, ಅರ್ಧ ಆಟ ದಾಟುವಷ್ಟರಲ್ಲಿ ವಿಗರ್ 40 ಇರಲಿ. ಹೊರುವ ತೂಕ ಮಿತಿಯ 70 ಶೇಕಡಾ ಮುಟ್ಟಿದರೆ ಉರುಳುವುದು ನಿಧಾನವಾಗುತ್ತದೆ, ಕವಚ ಭಾರವಾಯಿತೆಂದು ಅರ್ಥ. ದಾರಿಯಲ್ಲಿ ಸಿಗುವ ಪಾತ್ರಗಳ ಕಥೆಗಳು ಎಲ್ಲಿಗೆ ಬಂದು ನಿಂತವು ಎಂಬ ಪಟ್ಟಿ ಇಲ್ಲ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಳ್ಳಿ. 2024ರ ವಿಸ್ತರಣೆ ಕೊಳ್ಳುವ ಮುನ್ನ ರಾಡಾನ್, ಮೋಗ್ ಎಂಬ ಇಬ್ಬರು ಬಾಸ್‌ಗಳನ್ನೂ ಸೋಲಿಸಿದ್ದೀರಾ ನೋಡಿಕೊಳ್ಳಿ, ಇಲ್ಲದಿದ್ದರೆ ದುಡ್ಡು ಕೊಟ್ಟೂ ಒಳಗೆ ಕಾಲಿಡಲಾಗದು. ಒಳಗೆ ಹೋದ ಮೇಲೆ ಬಾಸ್‌ಗಳಿಗಿಂತ ಮೊದಲು ಸ್ಕಾಡುಟ್ರೀ ತುಣುಕುಗಳನ್ನು ಹುಡುಕಿ. ಒಟ್ಟು 50 ಇವೆ, ಅಲ್ಲಿ ಹಳೇ ಲೆವೆಲ್‌ಗಿಂತ ಹೆಚ್ಚಿನ ಬಲ ಅವುಗಳಿಂದಲೇ ಬರುವುದು.