ಎರಡು ಮ್ಯಾರಥಾನ್, ಎರಡು ತಯಾರಿ: ಆ 24 ನಿಮಿಷ ಎಲ್ಲಿಂದ ಬಂತು?

ನನ್ನ ಮೊದಲ ಮ್ಯಾರಥಾನ್ ಮುಗಿದಿದ್ದು 4 ಗಂಟೆ 31 ನಿಮಿಷಕ್ಕೆ. ಹನ್ನೊಂದು ತಿಂಗಳ ನಂತರ ಓಡಿದ ಎರಡನೆಯದು 4 ಗಂಟೆ 7 ನಿಮಿಷಕ್ಕೆ. ಎರಡಕ್ಕೂ 16 ವಾರಗಳ ತಯಾರಿ. ಆದರೆ ಆ ಹದಿನಾರು ವಾರ ಓಡಿದ ರೀತಿ ಪೂರ್ತಿ ಬೇರೆ.

ಮೊದಲ ಸಲ ವಾರಕ್ಕೆ ನಾಲ್ಕು ದಿನ, ಸುಮಾರು 45 ಕಿ.ಮೀ. ಓಡುತ್ತಿದ್ದೆ. ದಿನವೂ ಒಂದೇ ವೇಗ, ಕಿಲೋಮೀಟರಿಗೆ 5:50ರ (5 ನಿಮಿಷ 50 ಸೆಕೆಂಡಿನ) ಆಸುಪಾಸು. ತೀರಾ ಜೋರಲ್ಲ, ಆರಾಮವೂ ಅಲ್ಲ. ಏದುಸಿರು ಬಂದರೆ ಮಾತ್ರ ಓಡಿದ ಹಾಗೆ ಅಂತ ನಂಬಿದ್ದೆ. ಒಮ್ಮೆ ಲಾಂಗ್ ರನ್ನನ್ನು, ಅಂದರೆ ವಾರದ ಅತಿ ಉದ್ದದ ಓಟವನ್ನು, 35 ಕಿ.ಮೀ.ವರೆಗೆ ಎಳೆದೆ, ಅದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಮುಂದಿನ ನಾಲ್ಕು ದಿನ ಮೆಟ್ಟಿಲು ಇಳಿಯಬೇಕಾದರೆ ಕಂಬಿ ಹಿಡಿಯಬೇಕಿತ್ತು. ಆ ವಾರದ ಉಳಿದ ಓಟವೆಲ್ಲ ಹೋಯಿತು.

ಎರಡನೇ ಸಲ ಐದು ದಿನ, 58 ಕಿ.ಮೀ. ಅದರಲ್ಲಿ ನಾಲ್ಕು ದಿನ ನಿಧಾನ, ಕಿಲೋಮೀಟರಿಗೆ 7 ನಿಮಿಷ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಅದೇ ಅಳತೆ. ಐದನೇ ದಿನ ಮಾತ್ರ ಜೋರು: 1 ಕಿ.ಮೀ. ಆರು ಸಲ, ಪ್ರತಿಸಲ 5:15ಕ್ಕೆ, ನಡುವೆ ಎರಡು ನಿಮಿಷ ಬಿಡುವು. ಲಾಂಗ್ ರನ್ 30 ಕಿ.ಮೀ. ದಾಟಲಿಲ್ಲ. ಆದರೆ ಕೊನೆಯ 8 ಕಿ.ಮೀ. ಮ್ಯಾರಥಾನ್ ವೇಗದಲ್ಲಿ, ಅಂದರೆ ಓಟದ ದಿನ ಓಡಬೇಕೆಂದಿದ್ದ ವೇಗದಲ್ಲಿ.

ಮೊದಲ ಮೂರು ವಾರ ನಿಜಕ್ಕೂ ಕಷ್ಟವಾಯಿತು. ಕಾಲಿಗಲ್ಲ, ಮನಸ್ಸಿಗೆ. ಎಲ್ಲರೂ ನನ್ನನ್ನು ದಾಟಿ ಹೋಗುತ್ತಿದ್ದರು. ಸುಮ್ನೆ ಟೈಂ ಹಾಳು ಮಾಡ್ತಿದ್ದೀನಾ ಅನಿಸುತ್ತಿತ್ತು. ನಂಬಿಕೆ ಬಂದಿದ್ದು ವಾಚ್ ನೋಡಿ. ಮೊದಲ ವಾರ 7 ನಿಮಿಷದ ವೇಗದಲ್ಲಿ ಹಾರ್ಟ್ ರೇಟ್ 152 ಇತ್ತು. ಹನ್ನೆರಡನೇ ವಾರ ಅದೇ ರಸ್ತೆ, ಅದೇ ವೇಗ, 141. ಅಷ್ಟೇ ಕೆಲಸಕ್ಕೆ ಎದೆ ಕಡಿಮೆ ಬಡಿಯುತ್ತಿತ್ತು. ದಿನವೂ ಏದುಸಿರು ಬಿಟ್ಟಾಗ ಇಂಥ ಇಳಿಕೆ ನಾನು ಕಂಡಿರಲೇ ಇಲ್ಲ.

ಇನ್ನು ಓಟದ ದಿನ. ಮೊದಲ ಸಲ, ಕೊನೆಯಲ್ಲಿ ಹೇಗೂ ಸುಸ್ತಾಗುತ್ತೆ, ಮೊದಲೇ ಒಂದಷ್ಟು ನಿಮಿಷ ಉಳಿಸಿಕೊಳ್ಳೋಣ ಅಂತ ಲೆಕ್ಕ ಹಾಕಿದ್ದೆ. ಮೊದಲರ್ಧ 1 ಗಂಟೆ 58 ನಿಮಿಷ. ಉಳಿದರ್ಧ 2 ಗಂಟೆ 33 ನಿಮಿಷ! ವೇಗವಾಗಿ ಹೊರಟರೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ (ಓಟಕ್ಕೆ ಇಂಧನವಾಗುವ ಸಕ್ಕರೆ ಸಂಗ್ರಹ) ಬೇಗ ಕರಗುತ್ತದೆ. 33ನೇ ಕಿಲೋಮೀಟರಿನಲ್ಲಿ ಕೆಳಗೆ ಬಿದ್ದ ನೀರಿನ ಲೋಟ ತೆಗೆಯಲು ಬಗ್ಗಿದೆ. ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಬಿಗಿಯಿತು. ಆಮೇಲೆ ಓಡಿದ್ದಕ್ಕಿಂತ ನಡೆದದ್ದೇ ಜಾಸ್ತಿ.

ಎರಡನೇ ಸಲ ಮೊದಲರ್ಧ 2 ಗಂಟೆ 4 ನಿಮಿಷ, ಉಳಿದರ್ಧ 2 ಗಂಟೆ 3 ನಿಮಿಷ. ಮೊದಲ 5 ಕಿ.ಮೀ. ತಡೆದು ಓಡಿದ್ದೇ ಇಡೀ ದಿನದ ದೊಡ್ಡ ಕೆಲಸ. ಕೀನ್ಯಾದ ಓಟಗಾರ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಷಿಕಾಗೊದಲ್ಲಿ 2:00:35ರ ವಿಶ್ವದಾಖಲೆ ಬರೆದಾಗಲೂ ಎರಡನೇ ಅರ್ಧವೇ ಮೊದಲರ್ಧಕ್ಕಿಂತ ಸುಮಾರು ಒಂದು ನಿಮಿಷ ಬೇಗ ಮುಗಿದಿತ್ತು. ಅಂಥ ಓಟಗಾರನೇ ಕೊನೆಗೆ ಶಕ್ತಿ ಉಳಿಸಿಕೊಂಡಿದ್ದ ಅಂದಮೇಲೆ ನಾವು ಮೊದಲೇ ಖರ್ಚು ಮಾಡಬಾರದು, ಅಲ್ವಾ?

ಜೆಲ್, ಅಂದರೆ ಓಡುತ್ತಲೇ ಶಕ್ತಿಗಾಗಿ ತಿನ್ನುವ ಸಿಹಿ ಪಾಕದ ಪೊಟ್ಟಣ, ಅದರ ವಿಷಯವೂ ಬದಲಾಗಿತ್ತು. ಮೊದಲ ಸಲ 25ನೇ ಕಿಲೋಮೀಟರಿನಲ್ಲಿ ಹೊಟ್ಟೆ ಹಸಿದಾಗ ತಗೊಂಡೆ, ತಡವಾಗಿತ್ತು. ಎರಡನೇ ಸಲ ಹಸಿವಿಗೆ ಕಾಯಲಿಲ್ಲ, 35 ನಿಮಿಷಕ್ಕೊಂದು. ಲಾಂಗ್ ರನ್‌ಗಳಲ್ಲೇ ಹೊಟ್ಟೆಗೆ ಅಭ್ಯಾಸ ಮಾಡಿಸಿದ್ದೆ.

ನಡುವೆ ಅಮೆರಿಕದ ಓಟಗಾರ, ತರಬೇತುದಾರ ಜೆಫ್ ಗ್ಯಾಲೋವೇ ಹೆಸರಾಗಿಸಿದ ಓಟ-ನಡಿಗೆ ವಿಧಾನವನ್ನೂ ಎರಡು ಲಾಂಗ್ ರನ್‌ನಲ್ಲಿ ನೋಡಿದೆ, 4 ನಿಮಿಷ ಓಟ, 1 ನಿಮಿಷ ನಡಿಗೆ. ಮರುದಿನ ಕಾಲು ಹಗುರವಾಗಿತ್ತು. ಮುಗಿಸುವುದೇ ಗುರಿ ಅನ್ನುವವರಿಗೆ ಖಂಡಿತ ಹೇಳುತ್ತೇನೆ. ನನಗೆ ಮಾತ್ರ ಪ್ರತಿಸಲ ಲಯ ತಪ್ಪುತ್ತಿತ್ತು.

ವಾರಕ್ಕೆ ಮೂರೇ ದಿನ ಸಿಗುವವರಿಗೆ ನನ್ನ ಎರಡನೇ ರೀತಿ ಅಷ್ಟು ಹೊಂದಲಾರದು. ನಿಧಾನದ ಓಟ ಫಲ ಕೊಡಲು ದೂರ ಬೇಕು. ಇನ್ನೊಂದು ಮಾತು: ನಾನು ತಯಾರಿ, ವೇಗ, ಜೆಲ್ ಮೂರನ್ನೂ ಒಟ್ಟಿಗೆ ಬದಲಿಸಿದೆ. ಹಾಗಾಗಿ 24 ನಿಮಿಷದಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾರೆ. ಕೊನೆಯ 10 ಕಿ.ಮೀ.ಯಲ್ಲಿ ಕುಸಿಯದೆ ಉಳಿದಿದ್ದು ಸಮ ವೇಗದಿಂದ, ಆ ವೇಗ ತಡೆದುಕೊಳ್ಳುವ ಶಕ್ತಿ ಬಂದಿದ್ದು ನಿಧಾನದ ಓಟಗಳಿಂದ ಅನ್ನುವುದು ನನ್ನ ಅಂದಾಜು. ಮುಂದಿನ 16 ವಾರಕ್ಕೆ ಉಳಿದದ್ದನ್ನೆಲ್ಲ ಹಾಗೇ ಇಟ್ಟು, ವಾರದ ದೂರವನ್ನು ಮಾತ್ರ 65 ಕಿ.ಮೀ.ಗೆ ಏರಿಸುತ್ತಿದ್ದೇನೆ.